ನನ್ನನ್ನು ಒಪ್ಪದ ಸರಗೂರಿನ ಓದುಗರು

ಅವರ ಬಲಗೈ ಹೆಬ್ಬೆರಳು ಯಾವಾಗಲೂ ಹಳದಿಯಾಗಿರುತ್ತಿತ್ತು. ಬೆರಳ ತುದಿಗೆ ಅರಿಶಿನ, ಉಗುರಿನ ಸಂದಿಗೆ ಕುಂಕುಮ. ಎಷ್ಟು ತೊಳೆದರೂ ಹೋಗದ ಬಣ್ಣ. ಅವರು ಓದಿದ ಪತ್ರಿಕೆಯನ್ನು ಯಾರು ಬೇಕಾದರೂ ಗುರುತು ಹಿಡಿಯಬಹುದಿತ್ತು. ಒಪ್ಪಿಗೆಯಾಗದ ಸಾಲು ಬಂದರೆ ಅದರ ಪಕ್ಕದ ಖಾಲಿ ಜಾಗದಲ್ಲಿ ಹೆಬ್ಬೆರಳು ಊರಿ, ಒಂದು ಗಳಿಗೆ ಕಣ್ಣು ಮುಚ್ಚಿಕೊಂಡು, ಆಮೇಲೆ ಮುಂದಕ್ಕೆ ಓದುತ್ತಿದ್ದರು. ನನ್ನ ಲೇಖನ ಬಂದ ಪುಟದಲ್ಲಿ ಅಂಥ ಏಳೆಂಟು ಹಳದಿ ಗುರುತುಗಳಾದರೂ ಇರುತ್ತಿದ್ದವು.

ಸರಗೂರಿನ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಮುಂದೆ ಅವರದು ಗ್ರಂಧಿಗೆ ಅಂಗಡಿ. ಪೂಜೆಯ ಅರಿಶಿನ, ಕುಂಕುಮ, ಕರ್ಪೂರ, ವಿಭೂತಿ ಗಟ್ಟಿಯಿಂದ ಹಿಡಿದು ಬಾಣಂತಿಗೆ ಬೇಕಾಗುವ ಬಜೆ, ಜಾಯಿಕಾಯಿ, ಅಳಲೆಕಾಯಿಯವರೆಗೆ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಊರಿನವರೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಪಕ್ಕದ ಕೋಟೆ ಪಟ್ಟಣದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುವವಳು. ಮೈಸೂರಿನಿಂದ ಬರುವ ಒಂದು ಸಣ್ಣ ದಿನಪತ್ರಿಕೆಯಲ್ಲಿ ಶನಿವಾರ ಶನಿವಾರ ಅಂಕಣ ಬರೆಯುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಇಷ್ಟರೊಳಗಿನ ರಾಜಕೀಯವೇ ನನ್ನ ವಿಷಯ. ಕಾಲೇಜಿನಲ್ಲಿ ಸಹೋದ್ಯೋಗಿಗಳು ಎದುರು ಸಿಕ್ಕಾಗ "ನೋಡ್ದೆ ಮೇಡಂ, ಚೆನ್ನಾಗಿ ಬಂದಿದೆ" ಎನ್ನುತ್ತಿದ್ದರು. ಅವರು ನೋಡಿರುತ್ತಿದ್ದುದು ಲೇಖನದ ಮೇಲಿನ ನನ್ನ ಫೋಟೊವನ್ನು. ಮೊದಮೊದಲು ಬೇಸರವಾಗುತ್ತಿತ್ತು, ಆಮೇಲೆ ಅದೂ ಅಭ್ಯಾಸವಾಯಿತು.

ಅಂಕಣ ಶುರುವಾಗಿ ಮೂರು ತಿಂಗಳಾಗಿರಬೇಕು, ಕಾಲೇಜಿನ ಆಫೀಸಿಗೆ ಒಂದು ಫೋನು ಬಂತು. ಆ ವಾರ ನಾನು ಚುನಾವಣೆಯ ವೇದಿಕೆಗಳಲ್ಲಿ ಸ್ವಾಮಿಗಳು ಕೂರುವುದರ ಬಗ್ಗೆ ಬರೆದಿದ್ದೆ.

"ನಾನು ಸರಗೂರಿನ ಒಬ್ಬ ಓದುಗ ಕಣಮ್ಮ. ನೀವು ಬರ್ದಿರೋದ್ರಲ್ಲಿ ಮೂರನೇ ಪ್ಯಾರಾ ಪೂರ್ತಿ ತಪ್ಪು. ಮಿಕ್ಕಿದ್ದು ಅರ್ಧ ತಪ್ಪು."

ನಾನು ವಾದಕ್ಕೆ ಸಿದ್ಧಳಾದೆ. ಅವರು ಬಿಡಲಿಲ್ಲ. "ಇರಿ, ಅದು ಆಮೇಲೆ. ಸ್ವಾಮಿಗಳನ್ನ 'ಕರೆಸಿದರು' ಅಂತ ಬರ್ದಿದ್ದೀರಲ್ಲ, ಅದೇನು ಓಲಗದವರಾ ಕರ್ಸಕ್ಕೆ? 'ದಯಮಾಡಿಸಿದರು' ಅನ್ಬೇಕು. ಒಪ್ಪೋದು ಬುಡೋದು ಇನ್ನೊಂದು ಮಾತು. ಮೊದ್ಲು ನಾಲಿಗೆ ನೆಟ್ಟಗಿರ್ಬೇಕು. ನಿಮ್ಗೆ ವಯಸ್ಸೆಷ್ಟು?"

"ನಲವತ್ತಾರು."

"ಅಂಗಾದ್ರೆ ತಿದ್ಕಳಕ್ಕೆ ಇನ್ನೂ ಟೈಮೈತೆ," ಎಂದು ಫೋನಿಟ್ಟರು.

ಸಿಟ್ಟು ಬಂತು. ಸಂಜೆ ಮನೆಯಲ್ಲಿ ಕೂತು ಮೂರನೇ ಪ್ಯಾರಾವನ್ನು ಮತ್ತೆ ಓದಿದೆ. ತಪ್ಪು ಎಂದು ಅನ್ನಿಸಲಿಲ್ಲ. ಆದರೆ ಯಾರೋ ಒಬ್ಬರು ಪ್ಯಾರಾ ಎಣಿಸಿಕೊಂಡು ಓದಿದ್ದಾರೆ ಎಂಬುದು ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಆಫೀಸಿನಿಂದ ಆ ನಂಬರು ತೆಗೆದುಕೊಂಡು ನಾನೇ ಫೋನ್ ಮಾಡಿ ನನ್ನ ಮೊಬೈಲ್ ನಂಬರು ಕೊಟ್ಟೆ. ಅಲ್ಲಿಂದ ಶುರುವಾಯಿತು. ಶನಿವಾರ ಬೆಳಿಗ್ಗೆ ಎಂಟಕ್ಕೆ, ಅವರು ಅಂಗಡಿ ತೆಗೆದು, ದೇವರಿಗೆ ಊದುಬತ್ತಿ ಹಚ್ಚಿ, ಪತ್ರಿಕೆ ಓದಿ ಮುಗಿಸಿದ ಮೇಲೆ, ಫೋನು ಬರುತ್ತಿತ್ತು.

ಅವರು ಹಳೆಯ ಕಾಲದ ನಂಬಿಕೆಯ ಮನುಷ್ಯ. ಮಠದ ವಿಷಯಕ್ಕೆ ಸರ್ಕಾರ ಬರಬಾರದು, ದೇವಸ್ಥಾನದ ವಿಷಯಕ್ಕೆ ಪತ್ರಿಕೆಯವರು ಬರಬಾರದು, ಹಿರಿಯರ ಎದುರು ಕಿರಿಯರು ಕಾಲಮೇಲೆ ಕಾಲು ಹಾಕಬಾರದು, ಹೆಣ್ಣುಮಕ್ಕಳು ಮನೆ ನೋಡಿಕೊಂಡರೆ ಊರು ತಾನಾಗಿ ನೆಟ್ಟಗಾಗುತ್ತದೆ. ಇವೆಲ್ಲ ಅವರಿಗೆ ವಾದದ ಮಾತುಗಳಾಗಿರಲಿಲ್ಲ, ವಿಭೂತಿ ಧರಿಸುವಷ್ಟೇ ಸಹಜವಾಗಿದ್ದವು. ನಾನು ಬರೆಯುತ್ತಿದ್ದುದು ಬಹುಪಾಲು ಇದಕ್ಕೆ ವಿರುದ್ಧ. ಹಾಗಾಗಿ ನಮ್ಮ ಮಾತು ಎಂದೂ ಒಂದು ಕಡೆ ಸೇರಲಿಲ್ಲ.

ಒಂದು ಭಾನುವಾರ ಕುತೂಹಲ ತಡೆಯದೆ ಸರಗೂರಿಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ನಾನು ಯಾರೆಂದು ಹೇಳಿದ ತಕ್ಷಣ ಕೇಳಿದ ಮೊದಲ ಮಾತು: "ಬಸ್ಸಲ್ಲಿ ಟಿಕೀಟು ತಗಂಡ್ರಾ?"

"ಹೆಂಗಸರಿಗೆ ಫ್ರೀ ಅಲ್ವಾ ಯಜಮಾನ್ರೇ."

"ಬಿಟ್ಟಿ ಬಂದೋರ ಮಾತ್ನ ನಾನು ಕೇಳ್ಬೇಕಾ?" ಎಂದು ಜೋರಾಗಿ ನಕ್ಕರು. ಅಂಗಡಿ ಮುಂದಿನ ಬೆಂಚಿನಲ್ಲಿ ಕೂತಿದ್ದ ಅವರ ಗೆಳೆಯರೂ ನಕ್ಕರು. ನಾಲ್ಕೈದು ಜನ, ಎಲ್ಲ ಅವರ ವಯಸ್ಸಿನವರೇ, ರಾಜಕೀಯದಲ್ಲಿ ಅವರ ಕಡೆಯವರೇ. ಎಲ್ಲರ ಕೈಯಲ್ಲೂ ಮೊಬೈಲು. ಒಬ್ಬರು ಯಾವುದೋ ಸಂದೇಶ ತೋರಿಸಿ "ನೋಡ್ಲಾ, ನೀನು ಯೋಳೋದೇ ಇದ್ರಲ್ಲೂ ಐತೆ" ಎಂದರು. ಯಜಮಾನರು ಕನ್ನಡಕ ಏರಿಸಿ ಕೆಳತುದಿಯವರೆಗೂ ಓದಿದರು.

"ಯಾರು ಬರ್ದಿರೋದು ಇದ್ನ?"

"ಯಾರೋ ಕಳ್ಸವ್ರೆ ಬುಡ್ಲಾ."

"ಎಸ್ರಿಲ್ದೇ ಇರೋ ಮಾತ್ನ ನನ್ ಮುಂದಕ್ಕೆ ತರ್ಬ್ಯಾಡ. ಈಯಮ್ಮ ಬರಿಯೋದು ತಪ್ಪೇ ಆಗಿರ್ಲಿ, ಕೆಳಗೆ ಎಸ್ರು ಆಕ್ತಾರೆ. ಬೈಯಕ್ಕೆ ಒಬ್ರು ಸಿಕ್ತಾರೆ."

ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುತ್ತಿದ್ದುದು ಹಳೆಯ ಪತ್ರಿಕೆಗಳಲ್ಲಿ. ಶನಿವಾರದ ಪುಟಗಳು ಮಾತ್ರ ಬೇರೆಯಾಗಿ ಒಂದು ಕಬ್ಬಿಣದ ಕಂಬಿಗೆ ಚುಚ್ಚಿ ನೇತಾಡುತ್ತಿದ್ದವು. ನಾನು ಅದನ್ನು ನೋಡುತ್ತಿರುವುದನ್ನು ಗಮನಿಸಿ, "ಬ್ಯಾರೆ ಪುಟ್ದಲ್ಲಿ ಕರ್ಪೂರ ಕಟ್ತೀನಿ. ಇದ್ರಲ್ಲಿ ಕಟ್ಟಕ್ಕಿಲ್ಲ. ಬೈಕೊಂಡ್ರೂ ಓದಿರೋದು ಕಣಮ್ಮ," ಎಂದರು.

ಇನ್ನು ಆ ಲೇಖನದ ವಿಷಯ. ಅದನ್ನು ಬರೆಯದಿದ್ದರೆ ಅವರ ಬಗ್ಗೆ ಬರೆದಂತಾಗುವುದಿಲ್ಲ.

ಪಂಚಾಯಿತಿಗಳಲ್ಲಿ ಹೆಂಡತಿ ಅಧ್ಯಕ್ಷೆಯಾಗಿ, ಗಂಡ ಆಡಳಿತ ಮಾಡುವುದರ ಬಗ್ಗೆ ಒಂದು ವಾರ ಬರೆದೆ. ಉದಾಹರಣೆಗೆಂದು ಹಂಪಾಪುರದ ಕಡೆಯ ಒಬ್ಬ ಅಧ್ಯಕ್ಷೆಯನ್ನು ತೆಗೆದುಕೊಂಡೆ. ಸಭೆಯಲ್ಲಿ ಅವರ ಕುರ್ಚಿಗೆ ಅಂಟಿಕೊಂಡಂತೆ ಗಂಡ ಕೂರುತ್ತಾನೆ, ಯಾರು ಏನು ಕೇಳಿದರೂ ಮೊದಲು ಗಂಡ ಕಿವಿಯಲ್ಲಿ ಹೇಳಬೇಕು, ಆಮೇಲೆ ಈಕೆ ಬಾಯಿಬಿಡಬೇಕು ಎಂದು ಆ ಕಡೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು. ಅದನ್ನೇ ಸ್ವಲ್ಪ ರುಚಿಕಟ್ಟಾಗಿ ಬರೆದೆ. "ಕೀಲಿ ಕೊಟ್ಟರೆ ಮಾತಾಡುವ ಗೊಂಬೆ" ಎಂಬ ಮಾತೂ ಬಂತು. ಹೆಸರು ಹಾಕಿರಲಿಲ್ಲ. ಆದರೆ ಆ ಕಡೆ ಎಲ್ಲರಿಗೂ ಗೊತ್ತಾಯಿತು.

ಶನಿವಾರ ಎಂಟಕ್ಕೆ ಫೋನು ಬಂತು. ಅವತ್ತು ಅವರ ದನಿಯಲ್ಲಿ ನಗುವಿರಲಿಲ್ಲ.

"ಆ ಪಂಚಾಯ್ತಿಗೆ ಓಗಿದ್ರಾ?"

"ಇಲ್ಲ."

"ಆಯಮ್ಮನ್ನ ನೋಡಿದ್ರಾ?"

"ಇಲ್ಲ ಯಜಮಾನ್ರೇ. ಆದ್ರೆ ಗೊತ್ತಿರೋರು ಹೇಳಿದ್ದು."

"ನಾಳೆ ಬಿಡುವು ಮಾಡ್ಕಳಿ. ಬತ್ತೀನಿ," ಎಂದರು.

ಭಾನುವಾರ ಬೆಳಿಗ್ಗೆ ಅಂಗಡಿಯನ್ನು ಸೊಸೆಗೆ ಬಿಟ್ಟು ಕೋಟೆಗೆ ಬಂದರು. ಎಪ್ಪತ್ತು ದಾಟಿದ ಮನುಷ್ಯ, ಕೈಯಲ್ಲಿ ಕೊಡೆ. ಇಬ್ಬರೂ ಹಂಪಾಪುರದ ಬಸ್ಸು ಹತ್ತಿ, ಅಲ್ಲಿಂದ ಆಟೊ ಮಾಡಿಕೊಂಡು ಹೋದೆವು.

ಅಧ್ಯಕ್ಷೆ ಮನೆಯ ಮುಂದೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ನಾನು ಅವರ ಬಲಗಡೆ ನಿಂತು "ನಮಸ್ಕಾರ" ಎಂದೆ. ಅವರು ತಿರುಗಲಿಲ್ಲ. ಕೋಪ ಎಂದುಕೊಂಡೆ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಮೊರ ಆಡುತ್ತಲೇ ಇತ್ತು. ಒಳಗಿನಿಂದ ಗಂಡ ಬಂದು, ಆಕೆಯ ಭುಜ ಮುಟ್ಟಿ, ಎಡಗಿವಿಗೆ ಬಾಗಿ, "ಪೇಪರ್ನಲ್ಲಿ ಬರ್ದೋರು ಬಂದವ್ರೆ ಕಣೆ" ಎಂದು ಕೂಗಿ ಹೇಳಿದರು. ಆಗ ಆಕೆ ತಲೆಯೆತ್ತಿದರು.

ನನಗೆ ಅರ್ಥವಾಯಿತು.

ಆಕೆ ಜಗಳಾಡಲಿಲ್ಲ. ಚಾಪೆ ಹಾಕಿ ಕೂರಿಸಿದರು. "ಬಲಗಿವಿ ಪೂರ್ತಿ ಓಗೈತೆ. ಎಡಗಿವಿ ತಾವ ಬಂದು ಕೂಗುದ್ರೆ ಕೇಳ್ತದೆ. ಜನ ಏನಂತಾವ್ರೆ ಅಂತ ಇವ್ರು ಕಿವೀಲಿ ಹೇಳ್ತಾರೆ. ಏನ್ ಮಾಡ್ಬೇಕು ಅನ್ನೋದು ನಂದು. ಬೋರ್‌ವೆಲ್ಲ ಊರ ಮುಂದ್ಕೆ ಆಕ್ಸು ಅಂತ ಇವ್ರೇ ಅಂದ್ರು. ನಾನು ಕಾಲೋನಿ ತಾವ ಅಂದೆ. ಕಾಲೋನಿ ತಾವ್ಲೇ ಆಯ್ತು. ಬೇಕಾದ್ರೆ ಕೇಳಿ."

ಗಂಡ ತಲೆ ಕೆರೆದುಕೊಂಡು ನಕ್ಕರು.

"ಮುಂದಿನ ವಾರವೇ ತಿದ್ದಿ ಬರೀತೀನಿ. ಇದ್ದದ್ದನ್ನ ಇದ್ದ ಹಾಗೆ ಬರೀತೀನಿ," ಎಂದೆ. ಅವರ ಗಂಡ ಅದನ್ನು ಕಿವಿಗೆ ಹೇಳಿದ ಕೂಡಲೇ ಆಕೆ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ ಕಣವ್ವ. ಗಂಡನ ಮಾತು ಕೇಳ್ತಾಳೆ ಅಂತಾರೆ, ಅನ್ಲಿ. ಯಾವ ಹೆಂಗಸ್ಗೆ ಅನ್ನಲ್ಲ? ಕಿವ್ಡಿ ಅಂತ ಗೊತ್ತಾದ್ರೆ ನಾಳೀಕೆ ಒಬ್ರೂ ಬಂದು ನನ್ ಮುಂದೆ ಕಷ್ಟ ಹೇಳ್ಕಳಕ್ಕಿಲ್ಲ. ಈಯಮ್ಮಂಗೆ ಹೇಳಿ ಏನಾಗ್ಬೇಕು ಅಂತ ಓಯ್ತಾರೆ. ನನ್ನ ಇಳ್ಸಕ್ಕೆ ಕಾಯ್ತಾ ಅವ್ರೆ."

ಇಷ್ಟು ವರ್ಷ ಇದನ್ನು ನಾನು ಎಲ್ಲೂ ಬರೆದಿರಲಿಲ್ಲ. ಆಕೆಯ ಅವಧಿ ಮುಗಿದಿದೆ, ಕಿವಿಗೆ ಯಂತ್ರ ಹಾಕಿಕೊಂಡಿದ್ದಾರೆ. ಈಚೆಗೆ ಹೋಗಿ ಕೇಳಿದಾಗ "ಈಗ ಬರ್ಕಳಿ, ಯಾರೇನ್ ಮಾಡ್ತಾರೆ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನರು ಕೊಡೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ನಿಮಗೆ ಇದು ಮೊದಲೇ ಹೇಗೆ ಗೊತ್ತಿತ್ತು ಎಂದು ಕೇಳಿದೆ.

"ತೌರು ಮನೆ ಸರಗೂರು ಕಡೆ. ಕಿವಿ ಸೋರ್ತಿದ್ದಾಗ್ಲಿಂದ ಔಸ್ದಿ ಸಾಮಾನಿಗೆ ನಮ್ಮಂಗಡಿಗೇ ಬರೋಳು." ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಹೇಳಿದರು: "ಹೆಣ್ಣಿಗೆ ಆಡಳಿತ ಬ್ಯಾಡ ಅಂತ ನಾನು ಈಗ್ಲೂ ಅಂತೀನಿ ಕಣಮ್ಮ. ಅದು ನನ್ನ ಮಾತು. ಆದ್ರೆ ಅವಳು ಮಾಡ್ತಾ ಇರೋದ್ನ ಮಾಡ್ತಿಲ್ಲ ಅಂತ ಬರೀಬಾರ್ದು. ಅದು ಸುಳ್ಳು."

ಮುಂದಿನ ಶನಿವಾರ ಅಂಕಣದ ಕೊನೆಗೆ ನಾಲ್ಕು ಸಾಲು ಸೇರಿಸಿದೆ. ಹೋದ ವಾರ ಒಬ್ಬ ಅಧ್ಯಕ್ಷೆಯ ಬಗ್ಗೆ ಬರೆದದ್ದು ತಪ್ಪು, ಹೋಗಿ ನೋಡದೆ ಬರೆದೆ, ಆ ಮಾತುಗಳನ್ನು ವಾಪಸು ತೆಗೆದುಕೊಂಡಿದ್ದೇನೆ, ಅವರ ಕ್ಷಮೆ ಕೇಳುತ್ತೇನೆ. ಅಷ್ಟೆ. ಏನು ತಪ್ಪು, ಯಾಕೆ ತಪ್ಪು ಎಂಬುದಿಲ್ಲ. ಸಂಪಾದಕರು ಫೋನ್ ಮಾಡಿ ಕಾರಣ ಬೇಡವೇ ಎಂದು ಕೇಳಿದರು. ಬೇಡ ಎಂದೆ.

ಕಾರಣ ಇಲ್ಲದ ಕ್ಷಮೆಗೆ ಜನರೇ ಕಾರಣ ಕೊಟ್ಟರು. ಗಂಡನ ಕಡೆಯವರು ಹೆದರಿಸಿದ್ದಾರೆ ಎಂದು ಕೆಲವರು, ಕೊಂಡುಕೊಂಡಿದ್ದಾರೆ ಎಂದು ಕೆಲವರು. ಹುಣಸೂರಿನಲ್ಲಿ ತಿಂಗಳಿಗೊಮ್ಮೆ ಸೇರುತ್ತಿದ್ದ ನಮ್ಮ ಸ್ನೇಹಿತರ ಗುಂಪೊಂದಿತ್ತು. ಅಲ್ಲಿ ಒಬ್ಬಾಕೆ ಎಲ್ಲರೆದುರು "ನಿನ್ನಂಥವಳೇ ಬಗ್ಗಿದ್ರೆ ಮಿಕ್ಕ ಹೆಂಗಸರ ಗತಿಯೇನು?" ಎಂದು ಕೇಳಿದಳು. ಉತ್ತರ ನನಗೆ ಗೊತ್ತಿತ್ತು. ಕೊಡುವಂತಿರಲಿಲ್ಲ. ಮುಂದಿನ ತಿಂಗಳು ಸಭೆಯಿದೆ ಎಂಬ ಸಂದೇಶ ನನಗೆ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ.

ಯಜಮಾನರಿಗೆ ಆದದ್ದು ನನಗೆ ತಡವಾಗಿ ತಿಳಿಯಿತು. ಆ ಅಧ್ಯಕ್ಷೆ ರಾಜಕೀಯದಲ್ಲಿ ಯಜಮಾನರ ಎದುರು ಗುಂಪಿನವರು. ಹಾಗಾಗಿ ನನ್ನ ಲೇಖನದಿಂದ ಬೆಂಚಿನ ಗೆಳೆಯರಿಗೆ ಹಬ್ಬವಾಗಿತ್ತು. ಎಂದೂ ನನ್ನನ್ನು ಓದದಿದ್ದವರು ಅದರ ಫೋಟೊ ತೆಗೆದು ಎಲ್ಲ ಕಡೆ ಕಳಿಸಿದ್ದರು, ಕರಪತ್ರ ಮಾಡಿ ಹಂಚಬೇಕೆಂದಿದ್ದರು. ಯಜಮಾನರು ಗಲ್ಲಾದಿಂದ ಎದ್ದು ನಿಂತು "ಅದು ಸುಳ್ಳು, ಹಂಚ್ಬ್ಯಾಡಿ" ಎಂದರಂತೆ. ಏನು ಸುಳ್ಳು ಎಂದು ಕೇಳಿದರೆ "ನಾನು ಹೇಳಕ್ಕಾಗಕ್ಕಿಲ್ಲ" ಎಂದರಂತೆ. ಒಂದೇ ತರಗತಿಯಲ್ಲಿ ಓದಿ, ಒಂದೇ ಬೆಂಚಿನಲ್ಲಿ ಮುದುಕರಾದ ಗೆಳೆಯ "ಆ ಬರಿಯೋ ಹೆಂಗಸಿನ ಸಾವಾಸ ಮಾಡಿ ನೀನು ಕೆಟ್ಟೆ ಕಣ್ಲಾ" ಎಂದು ಎದ್ದು ಹೋದ. ಒಬ್ಬೊಬ್ಬರಾಗಿ ಮಿಕ್ಕವರೂ ಹೋದರು. ಎದುರು ಸಾಲಿನ ಟೀ ಅಂಗಡಿಯ ಮುಂದೆ ಅವರು ಹೊಸದಾಗಿ ಸೇರತೊಡಗಿದರು. ಸ್ಟೂಲಿನಿಂದ ನೋಡಿದರೆ ಕಾಣುವಷ್ಟೇ ದೂರ.

ಇದನ್ನೆಲ್ಲ ಹೇಳಿದ್ದು ಅವರಲ್ಲ, ಅವರ ಸೊಸೆ. ಅವರು ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: "ಬೆಂಚು ಖಾಲಿ ಐತೆ ಕಣಮ್ಮ. ಗಿರಾಕಿಗಳು ಚೀಲ ಇಡಕ್ಕೆ ಅನುಕೂಲ ಆಯ್ತು."

ಆಮೇಲೆ ಶನಿವಾರದ ಮಾತು ಉದ್ದವಾಯಿತು. ಮೊದಲು ಐದು ನಿಮಿಷಕ್ಕೆ ಬೈದು ಮುಗಿಸುತ್ತಿದ್ದವರು ಈಗ ಅರ್ಧ ಗಂಟೆ ಬೈಯುತ್ತಿದ್ದರು. ನಡುವೆ ಗಿರಾಕಿ ಬಂದರೆ "ಇರಿ" ಎಂದು ಫೋನನ್ನು ಗಲ್ಲಾದ ಮೇಲೆ ಮಲಗಿಸುತ್ತಿದ್ದರು. ತಕ್ಕಡಿಯ ಸದ್ದು, ಕಾಗದ ಮಡಚುವ ಸದ್ದು, "ಎಣ್ಣೆ ಆಕಿ ಕುಟ್ಬೇಕು ಕಣವ್ವ" ಎಂದು ಯಾರಿಗೋ ಹೇಳುವ ಮಾತು. ನಾನು ಕಾಯುತ್ತಿದ್ದೆ. ನನ್ನ ಮನೆಯಲ್ಲಿ ಅಷ್ಟು ಸದ್ದು ಇನ್ನು ಯಾವ ದಿನವೂ ಇರುತ್ತಿರಲಿಲ್ಲ.

ಒಮ್ಮೆ ಕೇಳಿದರು: "ಮನೇಲಿ ನೀವೊಬ್ರೇನಾ?"

"ಹೌದು."

"ನಮ್ಮನೇಲಿ ಆರು ಜನ ಅವ್ರೆ. ಎಲ್ರೂ ಒಳ್ಳೇವ್ರೇ. ಪೇಪರ್ ಓದೋನು ನಾನೊಬ್ನೇ." ಆಮೇಲೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲದಂತೆ, "ಎರಡನೇ ಪ್ಯಾರಾ ನೋಡಿ, ಅಲ್ಲಿ ನೀವು ದಾರಿ ತಪ್ಪಿದ್ದೀರಿ," ಎಂದು ಶುರುಮಾಡಿದರು.

ಎರಡು ವರ್ಷ ಹೀಗೆ ನಡೆಯಿತು. ಅವರು ಬದಲಾಗಲಿಲ್ಲ. ನಾನೂ ನನ್ನ ನಂಬಿಕೆಗಳನ್ನು ಬಿಡಲಿಲ್ಲ. ಒಂದೇ ವ್ಯತ್ಯಾಸ: ಆ ಭಾನುವಾರದ ನಂತರ ನಾನು ಹೋಗಿ ನೋಡದ ಊರಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಹೋದ ವರ್ಷ ಭೇರ್ಯದ ಹತ್ತಿರದ ಒಂದು ಊರಿನ ಬಸ್ ತಂಗುದಾಣದ ಬಗ್ಗೆ ಬರೆದೆ. ಅದಕ್ಕೆ ಯಾರ ಹೆಸರಿಡಬೇಕೆಂದು ಎರಡು ಗುಂಪಿನವರು ಕಿತ್ತಾಡಿ, ಮುಂಭಾಗದಲ್ಲಿ ಹೆಸರು ಕೆತ್ತಬೇಕಾದ ಕಲ್ಲನ್ನು ಖಾಲಿ ಬಿಟ್ಟಿದ್ದರು. ಕೋಟೆಯಿಂದ ಹುಣಸೂರು, ಅಲ್ಲಿಂದ ಕೆ.ಆರ್. ನಗರ, ಅಲ್ಲಿಂದ ಭೇರ್ಯ ಎಂದು ಬಸ್ಸು ಬದಲಿಸಿ ಹೋಗಿ, ಮಧ್ಯಾಹ್ನವೆಲ್ಲ ಆ ತಂಗುದಾಣದಲ್ಲೇ ಕೂತು, ಎರಡೂ ಕಡೆಯವರ ಮಾತು ಕೇಳಿ ಬರೆದದ್ದು. ಯಜಮಾನರು ಏನೆನ್ನಬಹುದು ಎಂದು ಪ್ರತಿ ಸಾಲಿಗೂ ಯೋಚಿಸಿದ್ದೆ.

ಆ ಶನಿವಾರ ಎಂಟಕ್ಕೆ ಫೋನು ಬರಲಿಲ್ಲ. ಒಂಬತ್ತಕ್ಕೂ ಬರಲಿಲ್ಲ. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಖುಷಿಯಾಯಿತು. ಒಂದೂ ತಪ್ಪು ಸಿಕ್ಕಿಲ್ಲ, ಒಪ್ಪಿಕೊಳ್ಳುವುದಕ್ಕೆ ಅವರಿಗೆ ನಾಚಿಕೆ ಎಂದುಕೊಂಡು ಒಬ್ಬಳೇ ನಕ್ಕೆ. ಅವತ್ತು ಪಾಯಸ ಮಾಡಿಕೊಂಡು ಉಂಡೆ.

ಮುಂದಿನ ಶನಿವಾರವೂ ಫೋನಿಲ್ಲ. ಹಟ ಮಾಡುತ್ತಿದ್ದಾರೆ, ಮಾಡಲಿ ಎಂದುಕೊಂಡೆ. ಮೂರನೆಯ ಶನಿವಾರ ನಾನೇ ಮಾಡಿದೆ. ಸ್ವಿಚ್ ಆಫ್ ಎಂದು ಬಂತು. ಬಸ್ಸು ಹತ್ತಿದೆ.

ಅಂಗಡಿ ತೆರೆದಿತ್ತು. ಸ್ಟೂಲಿನ ಮೇಲೆ ಸೊಸೆ ಕೂತಿದ್ದಳು. ನನ್ನನ್ನು ಕಂಡು ಕೆಳಗಿಳಿದು ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಗಲ್ಲಾದ ಹಿಂದಿನ ಗೋಡೆಯ ಫೋಟೊ ನೋಡಿದ್ದೆ. ಹಾರ ಇನ್ನೂ ಪೂರ್ತಿ ಬಾಡಿರಲಿಲ್ಲ.

"ಮೊನ್ನೆ ಶಿವಗಣಾರಾಧನೆ ಆಯ್ತು ಅಕ್ಕ. ನಿಮ್ಗೆ ಹೇಳ್ಬೇಕು ಅಂತ ಮಾವನ ಪೋನಲ್ಲಿ ಹುಡುಕ್ದೆ. ನಿಮ್ಮ ಎಸ್ರಲ್ಲಿ ನಂಬರೇ ಇಲ್ಲ. ಬಾಯಿಪಾಠ ಇತ್ತು ಅನ್ಸ್ತದೆ."

ಎದೆನೋವು ಬಂದು ಗುರುವಾರ ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ಶನಿವಾರ ಬೆಳಿಗ್ಗೆ ಪತ್ರಿಕೆ ಬೇಕೆಂದು ಹಟ ಮಾಡಿದರು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರಿಂದ ಸೊಸೆ ಹಾಸಿಗೆಯ ಪಕ್ಕ ನಿಂತು ಓದಿ ಹೇಳಿದಳು. ಭಾನುವಾರ ಬೆಳಿಗ್ಗೆ ತೀರಿಕೊಂಡರು.

"ಓದ್ತಾ ಇದ್ದೆ. ಅರ್ಧಕ್ಕೇ ಕೈ ಎತ್ತಿ ನಿಲ್ಸು ಅಂದ್ರು. 'ಇಲ್ಲೊಂದು ತಪ್ಪೈತೆ, ಆಯಮ್ಮಂಗೆ ಹೇಳ್ಬೇಕು' ಅಂದ್ರು. ಪೋನ್ ಮಾಡ್ಲಾ ಮಾವ ಅಂದೆ. 'ಈಗ್ಬ್ಯಾಡ, ಉಸ್ರು ಬರ್ಲಿ' ಅಂದ್ರು."

"ಯಾವ ಸಾಲು ಓದ್ತಿದ್ದೆ?"

"ಜ್ಞಾಪ್ಕ ಇಲ್ಲ ಅಕ್ಕ. ಅಷ್ಟ್ರಲ್ಲಿ ನರ್ಸ್ ಬಂದ್ರು." ಅವಳಿಗೆ ಅಳು ಬಂತು. "ಅದೊಂದ್ನ ನಾನು ಕೇಳ್ಕಬೇಕಿತ್ತು."

ಅವಳ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಎದುರು ಸಾಲಿನ ಟೀ ಅಂಗಡಿಯಲ್ಲಿ ಅವರ ಗೆಳೆಯರು ಮೊಬೈಲು ನೋಡುತ್ತಾ ಕೂತಿದ್ದರು. ಒಬ್ಬರು ತಲೆಯೆತ್ತಿ ನನ್ನನ್ನು ಕಂಡು ಮತ್ತೆ ತಗ್ಗಿಸಿಕೊಂಡರು.

ಮನೆಗೆ ಬಂದು ಆ ಲೇಖನವನ್ನು ಎಷ್ಟು ಸಲ ಓದಿದೆನೋ. ಊರಿನ ಅಂತರ, ಜನರ ಮಾತು, ಕಲ್ಲಿನ ಬಣ್ಣ, ಎಲ್ಲ ಸರಿಯಿದ್ದವು. ಯಾರನ್ನಾದರೂ ಬಹುವಚನ ಬಿಟ್ಟು ಕರೆದಿದ್ದೇನೆಯೇ ಎಂದೂ ನೋಡಿದೆ. ಇಲ್ಲ. ಈಗಲೂ ಲೇಖನಗಳಿಗೆ ಪ್ರತಿಕ್ರಿಯೆ ಬರುತ್ತದೆ, ಮೊದಲಿಗಿಂತ ಹೆಚ್ಚೇ ಬರುತ್ತದೆ. ಮೊಬೈಲಿನಲ್ಲಿ ಕೈ ಮುಗಿಯುವ ಚಿತ್ರ, ಇಲ್ಲವೇ ಇಲ್ಲಿ ಬರೆಯಲಾಗದ ಬೈಗುಳ. ಎರಡನ್ನೂ ಕಳಿಸುವವರು ತಲೆಬರಹ ದಾಟಿರುವುದಿಲ್ಲ.

ಕೊನೆಗೆ ಒಂದು ಭಾನುವಾರ ಮೂರು ಬಸ್ಸು ಬದಲಿಸಿ ಮತ್ತೆ ಭೇರ್ಯದ ಆ ಊರಿಗೆ ಹೋದೆ. ಪತ್ರಿಕೆಯ ಪುಟ ಕೈಯಲ್ಲಿ ಹಿಡಿದುಕೊಂಡು, ಒಂದೊಂದೇ ಸಾಲು ಓದುತ್ತ, ತಂಗುದಾಣದ ಸುತ್ತ ನಡೆದೆ. ಕಂಬ ಎಣಿಸಿದೆ. ಕಲ್ಲು ಮುಟ್ಟಿ ನೋಡಿದೆ. ಒಳಗೆ ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದರು.

"ಏನವ್ವ ಹುಡುಕ್ತಾ ಇದ್ದೀಯ?"

"ಈ ಊರಿನ ಬಗ್ಗೆ ಪೇಪರಲ್ಲಿ ಬರೆದಿದ್ದೆ. ಒಂದು ಕಡೆ ತಪ್ಪಿದೆಯಂತೆ. ಯಾವುದು ಅಂತ ನೋಡೋಕೆ ಬಂದೆ."

"ಯಾರಂದ್ರು ತಪ್ಪು ಅಂತ?"

"ನಮ್ಮವರೊಬ್ಬರು," ಎಂದೆ.